ಎರೆನೆಲದ ಗುಲಾಬಿ

ಗುಲಾಬಿ ಎಂಬ ಮಾತು ಹುಟ್ಟಿನಿಂದ ಹೂವಿನ ಹೆಸರಲ್ಲ, ನೀರಿನ ಹೆಸರು. ಪಾರಸಿ ಭಾಷೆಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ‘ಗುಲಾಬ್’ ಎಂದರೆ ಹೂವಿನ ನೀರು, ನಾವು ಪನ್ನೀರೆಂದು ಕರೆಯುವ ವಸ್ತು. ಕಾಲಕ್ರಮದಲ್ಲಿ ಆ ನೀರಿನ ಹೆಸರು ನಮ್ಮ ದೇಶದಲ್ಲಿ ಹೂವಿಗೇ ನಿಂತಿತು. ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಎಕಂಬಾ ಮಹಾರಾಷ್ಟ್ರದ ಗಡಿಗೆ ಸಮೀಪದ ಊರು. ಆ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕು ನುಡಿಗಳೂ ಕಿವಿಗೆ ಬೀಳುತ್ತವೆ. ನಾಲ್ಕರಲ್ಲಿಯೂ ಈ ಹೂವಿಗೆ ಹೆಚ್ಚುಕಡಿಮೆ ಒಂದೇ ಹೆಸರು. 1956ರಲ್ಲಿ ಹೈದರಾಬಾದು ರಾಜ್ಯ ಭಾಷೆಗಳಿಗನುಸಾರವಾಗಿ ಹಂಚಿಹೋದಾಗ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ ತಾಲ್ಲೂಕುಗಳು ಅತ್ತ ಹೋದವು. ಔರಾದ, ಭಾಲ್ಕಿಗಳು ಇತ್ತ ಬಂದವು. ಈ ಹೂವಿನ ಹೆಸರು ಮಾತ್ರ ಯಾರ ಪಾಲಿಗೂ ಹೋಗದೆ ಎಲ್ಲರಲ್ಲಿಯೂ ಉಳಿಯಿತು.

ಹೆಸರು ಉಳಿದಷ್ಟು ಸುಲಭವಾಗಿ ಆ ನೆಲದಲ್ಲಿ ಗಿಡ ಉಳಿಯುವುದಿಲ್ಲವೆಂಬುದು ಹಲವು ಗೃಹಿಣಿಯರ ಅನುಭವ. ಮಳೆಗಾಲದಲ್ಲಿ ಗಾಡಿಯವನಿಂದ ಕೊಂಡು ನೆಟ್ಟ ಸಸಿ ಶ್ರಾವಣದಲ್ಲಿ ಹಸನಾಗಿ ಚಿಗುರುತ್ತದೆ. ದಸರೆಯ ಹೊತ್ತಿಗೆ ಎಲೆ ಹಳದಿಯಾಗುತ್ತದೆ. ದೀಪಾವಳಿಗೆ ಒಂದು ಒಣಕಡ್ಡಿ ನಿಂತಿರುತ್ತದೆ. ‘ನಮ್ಮ ಮಣ್ಣಿಗೆ ಗುಲಾಬಿ ಒಗ್ಗದು’ ಎಂದು ಹೇಳಿ ಆ ಕಡ್ಡಿಯನ್ನು ಕಿತ್ತೊಗೆಯುವುದು ವಾಡಿಕೆ. ಇದರೊಂದಿಗೆ ಇನ್ನೂ ಒಂದು ಅಳುಕುಂಟು: ಕುಡಿಯುವ ನೀರಿಗಾಗಿ ಕೊಡಗಳ ಸಾಲು ನಿಲ್ಲುವ ಬೇಸಿಗೆಯಲ್ಲಿ ಹೂವಿನ ಗಿಡಕ್ಕೆ ನೀರೆರೆಯುವುದು ಸರಿಯೇ? ಈ ವಾರ ಈ ಎರಡು ಪ್ರಶ್ನೆಗಳನ್ನೂ ಎತ್ತಿಕೊಳ್ಳೋಣ. ಎಕಂಬಾದ ಒಂದು ಮನೆಯ ಅಂಗಳವನ್ನು ಕಣ್ಣೆದುರಿಗೆ ಇಟ್ಟುಕೊಂಡರೆ ಭಾಲ್ಕಿಗೂ ವಿಜಯಪುರಕ್ಕೂ ಗದಗಕ್ಕೂ, ಎರೆಮಣ್ಣಿರುವ ಎಲ್ಲ ಊರುಗಳಿಗೂ ಮಾತು ಸಲ್ಲುತ್ತದೆ.

ಒಂದೇ ಜಿಲ್ಲೆ, ಎರಡು ನೆಲ

ಬೀದರ ಪಟ್ಟಣ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ತಭೂಮಿಯ ಮೇಲೆ. ಆ ಕಲ್ಲು ರಂಧ್ರಮಯ. ಮಳೆಯ ನೀರು ಅದರೊಳಗೆ ಇಳಿದು ಹರಿಯುತ್ತದೆ. ಬಹಮನಿ ಅರಸರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಅಲ್ಲಿಗೆ ತಂದಾಗ ಈ ಗುಣವನ್ನು ಚೆನ್ನಾಗಿ ಬಳಸಿಕೊಂಡರು. ನೌಬಾದಿನ ಬಳಿ ನೆಲದೊಳಗೆ ಎರಡು ಕಿಲೋಮೀಟರಿಗೂ ಮಿಕ್ಕು ಉದ್ದದ ಸುರಂಗವನ್ನು ತೋಡಿ, ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನಿಟ್ಟು, ಜಿನುಗುವ ನೀರನ್ನು ಒಂದೆಡೆಗೆ ಹರಿಸಿದರು. ಜನ ಇಂದಿಗೂ ಅದನ್ನು ಸುರಂಗಬಾವಿ ಎಂದೇ ಕರೆಯುತ್ತಾರೆ. ಕೋಟೆಯೊಳಗೆ ಸೋಲಾ ಖಂಬ ಮಸೀದಿಯ ಮುಂದೆ ಲಾಲ್ ಬಾಗ್ ಎಂಬ ತೋಟವೂ ಅದರ ನಡುವೆ ಕಾರಂಜಿಯ ಕೊಳವೂ ಇವೆ. ನೀರನ್ನು ಹಿಡಿತದಲ್ಲಿಟ್ಟವರಿಗೆ ಮಾತ್ರ ಈ ಪ್ರಾಂತದಲ್ಲಿ ತೋಟ ಸಾಧ್ಯವೆಂಬುದನ್ನು ಅವರು ಅರಿತಿದ್ದರು.

ಬೀದರದಿಂದ ಉತ್ತರಕ್ಕೆ ಇಳಿದು ಮಾಂಜ್ರಾ ನದಿಯನ್ನು ದಾಟಿ ಔರಾದದ ಕಡೆಗೆ ಹೋದರೆ ನೆಲದ ಬಣ್ಣ ಬದಲಾಗುತ್ತದೆ. ಅಲ್ಲಿರುವುದು ಬಹುಮಟ್ಟಿಗೆ ಎರೆಮಣ್ಣು; ತೊಗರಿ, ಜೋಳ, ಉದ್ದು, ಸೋಯಾ ಬೆಳೆಗಳಿಗೆ ತಾಯಿಯಂಥ ನೆಲ. ಮಳೆ ಬಿದ್ದಾಗ ಈ ಮಣ್ಣು ಉಬ್ಬಿ ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಕೆಳಗಿಳಿಯುವುದು ಬಹು ನಿಧಾನ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ, ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಬಿರುಕಿನೊಡನೆ ಎಳೆಯ ಬೇರುಗಳೂ ಹರಿಯುತ್ತವೆ. ಸಾಲದುದಕ್ಕೆ ಅದರಲ್ಲಿ ಸುಣ್ಣದ ಅಂಶ ಅಧಿಕ. ಗುಲಾಬಿಗೆ ಹಿತವಾದ ಮಣ್ಣಿನ ರಸಸಾರ 6ರಿಂದ 7ರ ನಡುವೆ. ಎರೆಮಣ್ಣಿನದು ಸಾಮಾನ್ಯವಾಗಿ 8ನ್ನು ಮುಟ್ಟುತ್ತದೆ ಅಥವಾ ಮೀರುತ್ತದೆ.

ಹೀಗಿರುವಾಗ ದಸರೆಯಲ್ಲಿ ಸಾಯುವ ಗಿಡ ಯಾವ ಕಾರಣದಿಂದ ಸಾಯುತ್ತದೆ? ನೀರಿಲ್ಲದೆ ಅಲ್ಲ, ಬೇರಿಗೆ ಉಸಿರಿಲ್ಲದೆ. ಬೇರಿಗೂ ಗಾಳಿ ಬೇಕು. ಭಾದ್ರಪದದ ಜಡಿಮಳೆಯಲ್ಲಿ ವಾರಗಟ್ಟಲೆ ಕೆಸರಿನಲ್ಲಿ ನಿಂತ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡ ಮನೆಯವರು ಬಾಯಾರಿಕೆಯೆಂದು ಬಗೆದು ಇನ್ನೊಂದು ತಂಬಿಗೆ ನೀರು ಸುರಿಯುತ್ತಾರೆ. ಪ್ರೀತಿಯಿಂದಲೇ ಗಿಡ ಮುಳುಗಿಹೋಗುತ್ತದೆ.

ಗುಂಡಿ ಬೇಡ, ಕಟ್ಟೆ ಕಟ್ಟಿರಿ

ತೋಟಗಾರಿಕೆಯ ಪುಸ್ತಕಗಳಲ್ಲಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿಯನ್ನು ತೋಡಿ, ಗೊಬ್ಬರ ಬೆರೆಸಿದ ಸಡಿಲ ಮಣ್ಣನ್ನು ತುಂಬಿ ನೆಡಬೇಕೆಂದು ಬರೆದಿರುತ್ತಾರೆ. ಕೆಮ್ಮಣ್ಣಿನ ಬೆಂಗಳೂರಿಗೆ, ಬೀದರ ಪಟ್ಟಣಕ್ಕೆ ಈ ಮಾತು ಸರಿ. ಎರೆಮಣ್ಣಿನಲ್ಲಿ ಹೀಗೆ ಮಾಡಿದರೆ ಆ ಗುಂಡಿ ಒಂದು ಬಾನಿಯಾಗುತ್ತದೆ. ಸುತ್ತಲಿನ ಜಿಗುಟುಮಣ್ಣಿನ ಮೇಲೆ ಹರಿದುಬಂದ ನೀರೆಲ್ಲ ಒಳಗಿನ ಸಡಿಲ ಮಣ್ಣಿಗೆ ಇಳಿದು, ಹೊರಹೋಗಲು ದಾರಿ ಕಾಣದೆ ಅಲ್ಲಿಯೇ ನಿಲ್ಲುತ್ತದೆ. ಸಂದೇಹವಿದ್ದವರು ನೆಲದಲ್ಲಿ ಒಂದಡಿ ಆಳದ ಕುಳಿ ತೋಡಿ, ಸಂಜೆ ಒಂದು ಕೊಡ ನೀರು ಸುರಿದು ಮರುದಿನ ಬೆಳಿಗ್ಗೆ ನೋಡಲಿ. ನೀರು ಇನ್ನೂ ನಿಂತಿದ್ದರೆ ಅಲ್ಲಿ ಗುಲಾಬಿಯನ್ನು ನೆಲದೊಳಗೆ ನೆಡಲಾಗದು.

ಇದಕ್ಕೆ ಪರಿಹಾರ ನಮ್ಮ ಅಂಗಳಗಳಲ್ಲಿಯೇ ಇದೆ. ತುಳಸಿಗೆ ಕಟ್ಟೆ ಕಟ್ಟುವ ಪದ್ಧತಿ ಯಾವ ಮನೆಗೆ ಹೊಸದು? ಗುಲಾಬಿಗೂ ಒಂದು ಕಟ್ಟೆ ಕಟ್ಟಿರಿ. ಮೂರಡಿ ಅಗಲದಲ್ಲಿ ಕಾಡುಗಲ್ಲುಗಳನ್ನು ಸುತ್ತಲೂ ಪೇರಿಸಿ ಒಂದೂವರೆ ಅಡಿ ಎತ್ತರ ಮಾಡಿದರೆ ಸಾಕು. ಗಾರೆ ಬೇಡ, ಸಿಮೆಂಟು ಬೇಡ. ಕಲ್ಲಿನ ಸಂದಿಯಿಂದ ನೀರು ಸೋರಿಹೋಗಬೇಕಾದುದೇ ಇಲ್ಲಿ ಮುಖ್ಯ. ಕೆಳಗಿನ ನೆಲವನ್ನು ಗುದ್ದಲಿಯಿಂದ ಅರ್ಧ ಅಡಿ ಸಡಿಲಿಸಿರಿ, ತೋಡಬೇಡಿರಿ. ಅದರ ಮೇಲೆ ಎರಡು ಪಾಲು ಗರಸು ಅಥವಾ ಕೆಮ್ಮಣ್ಣು, ಒಂದು ಪಾಲು ಎರೆಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಕಲಸಿ ತುಂಬಿರಿ. ಎರೆಮಣ್ಣನ್ನು ಪೂರ್ತಿಯಾಗಿ ಬಿಡತಕ್ಕದ್ದಲ್ಲ. ಬೇಸಿಗೆಯಲ್ಲಿ ತೇವವನ್ನು ಹಿಡಿದಿಡುವ ಶಕ್ತಿ ಅದಕ್ಕೇ ಇರುವುದು. ಶತ್ರುವೆಂದು ನಾವು ದೂರುವ ಮಣ್ಣೇ ಅಳತೆಯಲ್ಲಿದ್ದರೆ ಮಿತ್ರನಾಗುತ್ತದೆ.

ಸ್ಥಳವನ್ನು ಆರಿಸುವಾಗ ಮನೆಯ ಪೂರ್ವ ದಿಕ್ಕನ್ನು ನೋಡಿರಿ. ದಿನಕ್ಕೆ ಆರು ತಾಸಿನ ಬಿಸಿಲು ಗುಲಾಬಿಗೆ ಬೇಕೇ ಬೇಕು. ಆದರೆ ವೈಶಾಖದ ಮಧ್ಯಾಹ್ನದ ಬಿಸಿಲು ನೇರವಾಗಿ ಬಡಿಯಬಾರದು. ಪೂರ್ವದ ಅಂಗಳದಲ್ಲಿ ಬೆಳಗಿನ ಬಿಸಿಲು ದೊರೆಯುತ್ತದೆ, ಮಧ್ಯಾಹ್ನದ ಮೇಲೆ ಮನೆಯ ನೆರಳೇ ಕೊಡೆಯಾಗುತ್ತದೆ. ಸುಣ್ಣ ಬಳಿದ ಗೋಡೆಗೆ ಒತ್ತಿ ನೆಡಬೇಡಿರಿ. ಮಳೆಗೆ ತೊಳೆದುಬರುವ ಸುಣ್ಣ, ಮೊದಲೇ ಸುಣ್ಣದಿಂದ ಬಳಲುವ ಗಿಡಕ್ಕೆ ಇನ್ನಷ್ಟು ಕೇಡು ಮಾಡುತ್ತದೆ.

ಸಸಿಯ ಆಯ್ಕೆ

ಗುಲಾಬಿಯಲ್ಲಿ ನಮ್ಮ ಕೈಗೆ ಸಿಗುವುವು ಎರಡು ಬಗೆ. ಮೊದಲನೆಯದು ನಾಡಗುಲಾಬಿ, ಪನ್ನೀರು ಗುಲಾಬಿಯೆಂದೂ ಕರೆಯುವುದುಂಟು. ತಿಳಿಗೆಂಪು ಬಣ್ಣ, ತೆಳುವಾದ ದಳ, ಅಂಗಳ ತುಂಬುವ ಪರಿಮಳ. ಇದು ತನ್ನ ಬೇರಿನ ಮೇಲೆಯೇ ನಿಲ್ಲುವ ಗಿಡ. ನೆರೆಮನೆಯಿಂದ ಪೆನ್ಸಿಲ್ ಗಾತ್ರದ, ಎಂಟು ಅಂಗುಲದ, ಮೂರುನಾಲ್ಕು ಕಣ್ಣುಗಳುಳ್ಳ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ತಂದು, ಮೂರರಲ್ಲಿ ಎರಡು ಪಾಲು ಮಣ್ಣಿನಲ್ಲಿಳಿಯುವಂತೆ ನೆರಳಿನಲ್ಲಿ ಊರಿದರೆ ಬೇರು ಬಿಡುತ್ತದೆ. ಕಾಸು ಖರ್ಚಿಲ್ಲ. ಮೊದಲ ಸಲ ಬೆಳೆಸುವವರಿಗೆ ಇದರಷ್ಟು ಸಹನಶೀಲ ಗಿಡ ಬೇರೆ ದೊರೆಯದು. ಔಷಧ ಸಿಂಪಡಿಸದ ಗಿಡದ ದಳಗಳಿಂದ ಗುಲ್ಕಂದವನ್ನೂ ಮಾಡಬಹುದು: ದಳಕ್ಕೆ ಸಮತೂಕದ ಸಕ್ಕರೆಯನ್ನು ಪದರಪದರವಾಗಿ ಬೆರೆಸಿ, ಗಾಜಿನ ಭರಣಿಯಲ್ಲಿ ಮೂರು ವಾರ ಬಿಸಿಲಿಗಿಟ್ಟರಾಯಿತು.

ಎರಡನೆಯದು ಕಸಿಯ ಗಿಡ. ದೊಡ್ಡ ಹೂವು, ಬಗೆಬಗೆಯ ಬಣ್ಣ, ವರ್ಷದಲ್ಲಿ ಹಲವು ಸಲ ಹೂಬಿಡುವ ಗುಣ. ಯೂರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಮ್ಮೆ ಮಾತ್ರ ಹೂಬಿಡುತ್ತಿದ್ದವು. ಚೀನದ ಗುಲಾಬಿಗಳೊಡನೆ ಸಂಕರವಾದ ಮೇಲೆ ಮತ್ತೆ ಮತ್ತೆ ಹೂಬಿಡುವ ತಳಿಗಳು ಬಂದವು. 1867ರಲ್ಲಿ ಬಂದ ‘ಲಾ ಫ್ರಾನ್ಸ್’ ಈ ಹೊಸ ಕುಲಕ್ಕೆ ಮೊದಲನೆಯದೆಂದು ಹೇಳುವರು. ನಮ್ಮ ಬಿಸಿಲಿಗೆ ತಡೆಯುವ ಹಳಬರಲ್ಲಿ 1897ರ ‘ಗ್ರುಸ್ ಆನ್ ಟೆಪ್ಲಿಟ್ಜ್’ ಎಂಬ ಕಡುಗೆಂಪಿನ ಸುವಾಸಿನಿಯೂ, 1954ರ ನಸುಗೆಂಪಿನ ‘ಕ್ವೀನ್ ಎಲಿಜಬೆತ್’ ಕೂಡ ನಂಬತಕ್ಕವು. ಅಂಗಡಿಯವನಿಗೆ ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ಮೂರು ದಪ್ಪ ಕೊಂಬೆಗಳು, ಹಸಿರು ತೊಗಟೆ, ಕಲೆಯಿಲ್ಲದ ಎಲೆ ಇರುವ ಸಸಿಯನ್ನು ಆರಿಸಿರಿ. ಆ ಹೊತ್ತಿಗೆ ಹೂವಿದ್ದ ಸಸಿಯೇ ಒಳ್ಳೆಯದೆಂಬ ಭ್ರಮೆ ಬೇಡ.

ಗಾಡಿಯಲ್ಲಿ ದೂರದಿಂದ ಬರುವ ಸಸಿಗಳ ಬೇರಿಗೆ ಜಿಗುಟುಮಣ್ಣಿನ ಉಂಡೆ ಮೆತ್ತಿರುವುದುಂಟು. ಒಣಗಿದಾಗ ಅದು ಇಟ್ಟಿಗೆಯಂತೆ ಗಟ್ಟಿಯಾಗಿ, ಬೇರನ್ನು ಹೊರಬರಗೊಡುವುದಿಲ್ಲ. ನೆಡುವ ಮುನ್ನ ಆ ಉಂಡೆಯನ್ನು ಒಂದು ತಾಸು ನೀರಿನಲ್ಲಿ ಅದ್ದಿಟ್ಟು, ಹೊರಪದರವನ್ನು ಮೆಲ್ಲನೆ ಬಿಡಿಸಿರಿ. ಕಸಿಯ ಗಂಟು ಮಣ್ಣಿನಿಂದ ಎರಡು ಅಂಗುಲ ಮೇಲೆ ನಿಲ್ಲಬೇಕು. ಎರೆಯ ಸೀಮೆಯಲ್ಲಿ ನೆಡುವುದಕ್ಕೆ ಜಡಿಮಳೆ ಹಿಂತೆಗೆದ ಮೇಲೆ, ದಸರೆ-ದೀಪಾವಳಿಗಳ ನಡುವಿನ ಕಾಲವೇ ಮೇಲು.

ಕಸಿಯ ಗಿಡವನ್ನು ಸಾಕುವವರು ಒಂದು ಮೋಸದ ಬಗ್ಗೆ ಎಚ್ಚರವಾಗಿರಬೇಕು. ಗಂಟಿನ ಕೆಳಗಿನಿಂದ, ಬೇರುಗಿಡದಿಂದ ಹುಲುಸಾದ ಚಿಗುರೊಂದು ಏಳುತ್ತದೆ. ‘ಗಿಡ ಎಷ್ಟು ಚೆನ್ನಾಗಿ ಬೆಳೆಯಿತು’ ಎಂದು ಹಿಗ್ಗುವಷ್ಟರಲ್ಲಿ ಆ ಕಾಡುಚಿಗುರು ಮೇಲಿನ ಕಸಿಯ ಅನ್ನವನ್ನೆಲ್ಲ ಕಸಿದುಕೊಂಡು ಅದನ್ನು ಒಣಗಿಸಿರುತ್ತದೆ. ಏಳು ಎಲೆಗಳಿದ್ದರೆ ಕಾಡು, ಐದಿದ್ದರೆ ನಾಡು ಎಂಬ ಮಾತನ್ನು ನೆಚ್ಚಲಾಗದು. ಒಳ್ಳೆಯ ತಳಿಗಳಲ್ಲಿಯೂ ಏಳು ಎಲೆಗಳು ಬರುತ್ತವೆ. ಚಿಗುರು ಎಲ್ಲಿಂದ ಹೊರಟಿದೆಯೆಂದು ಬುಡದವರೆಗೆ ಮಣ್ಣು ಸರಿಸಿ ನೋಡಿರಿ. ಗಂಟಿನ ಕೆಳಗಿದ್ದರೆ ಕತ್ತರಿಸದೆ, ಬುಡಸಮೇತ ಸೀಳಿ ತೆಗೆಯಿರಿ. ಕತ್ತರಿಸಿದರೆ ಒಂದರ ಜಾಗದಲ್ಲಿ ನಾಲ್ಕು ಬರುತ್ತವೆ.

ಎಲೆಯ ಹಳದಿಯನ್ನು ಓದುವುದು

ಎಲೆ ಹಳದಿಯಾಯಿತೆಂಬ ದೂರು ಎರೆಸೀಮೆಯಲ್ಲಿ ತಪ್ಪಿದ್ದಲ್ಲ. ಆದರೆ ಎಲ್ಲ ಹಳದಿಯೂ ಒಂದೇ ಅಲ್ಲ. ಬುಡದ ಹಳೆಯ ಎಲೆಗಳು ಪೂರ್ತಿ ಹಳದಿಯಾಗಿ ಉದುರಿದರೆ ಸಾರಜನಕದ ಕೊರತೆ, ಇಲ್ಲವೆ ಬೇರಿನಲ್ಲಿ ನೀರು ನಿಂತಿದೆ. ಎಲೆಯ ಮೇಲೆ ದುಂಡಗಿನ ಕರಿಯ ಚುಕ್ಕೆಗಳಿದ್ದು ಸುತ್ತ ಹಳದಿಯಾದರೆ ಅದು ಮಳೆಗಾಲದ ಕಪ್ಪುಚುಕ್ಕೆ ರೋಗ. ಅಂಥ ಎಲೆಗಳನ್ನು ಆರಿಸಿ ಸುಟ್ಟುಬಿಡಬೇಕು. ತುದಿಯ ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಬಲೆಯಂತೆ ಕಂಡರೆ ಅದು ಕಬ್ಬಿಣದ ಕೊರತೆ.

ಎರೆಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ. ಇದೆ, ಸುಣ್ಣವು ಅದನ್ನು ಬೇರಿಗೆ ನಿಲುಕದಂತೆ ಕಟ್ಟಿಹಾಕಿದೆ. ಆದುದರಿಂದ ಅನ್ನಭೇದಿಯನ್ನು ಮಣ್ಣಿಗೆ ಹಾಕಿದರೆ ಅದೂ ಬೇಗನೆ ಬಂಧಿಯಾಗುತ್ತದೆ. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ, ಸಂಜೆಯ ತಂಪಿನಲ್ಲಿ ಎಲೆಗಳ ಮೇಲೆ ಸಿಂಪಡಿಸಿರಿ. ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಮೂರು ಸಲ ಮಾಡಿದರೆ ಹಸಿರು ಮರಳುತ್ತದೆ. ಇದು ತಾತ್ಕಾಲಿಕ ಚಿಕಿತ್ಸೆ. ವರ್ಷವರ್ಷವೂ ತಿಪ್ಪೆಗೊಬ್ಬರವನ್ನು ಕೊಡುತ್ತ ಹೋಗುವುದೇ ಶಾಶ್ವತ ಉಪಾಯ.

ಇಲ್ಲಿ ಒಂದು ಹಳೆಯ ವಾಡಿಕೆಯನ್ನು ಕೈಬಿಡಬೇಕಾಗುತ್ತದೆ. ಒಲೆಯ ಬೂದಿಯನ್ನು ಹೂಗಿಡದ ಬುಡಕ್ಕೆ ಸುರಿಯುವುದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ರೂಢಿ. ಹುಳಿಮಣ್ಣಿನ ಮಲೆನಾಡಿಗೆ ಅದು ಅಮೃತ. ಎರೆಮಣ್ಣಿಗೆ ಮಾತ್ರ ಕ್ಷಾರದ ಮೇಲೆ ಕ್ಷಾರ ಸುರಿದಂತೆ. ಎಲುಬಿನ ಪುಡಿಯೂ ಸುಣ್ಣದ ಮಣ್ಣಿನಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರದು. ಮಣ್ಣನ್ನು ಒಮ್ಮೆ ಪರೀಕ್ಷೆ ಮಾಡಿಸುವುದಾದರೆ ಬೀದರದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತೋಟಗಾರಿಕೆಯ ಮಹಾವಿದ್ಯಾಲಯವಿದೆ. ಹೊಲದ ಮಣ್ಣಿನ ಬಗ್ಗೆ ವಿಚಾರಿಸಲು ಹೋಗುವ ರೈತರು ಹಿತ್ತಲಿನ ಒಂದು ಹಿಡಿ ಮಣ್ಣಿನ ಬಗ್ಗೆಯೂ ಕೇಳಿಬರಬಹುದು.

ಸವರುವ ಕಾಲ

ಸವರುವುದೆಂದರೆ ಹಲವರಿಗೆ ಕೈ ನಡುಗುತ್ತದೆ. ಬೆಳೆದ ಗಿಡವನ್ನು ಕತ್ತರಿಸುವುದೆಂತು? ಆದರೆ ಕಸಿಯ ಗುಲಾಬಿ ಹೊಸ ಚಿಗುರಿನ ತುದಿಯಲ್ಲಿ ಹೂಬಿಡುವ ಗಿಡ. ಹಳೆಯ ಕೊಂಬೆ ಉಳಿದಷ್ಟೂ ಹೂವು ಕಿರಿದಾಗುತ್ತದೆ. ಮಳೆ ನಿಂತು ಬೆಳಗಿನ ಚಳಿ ತೊಡಗುವ ಅಕ್ಟೋಬರ್ ಎರಡನೆಯ ವಾರದ ಸುಮಾರಿಗೆ ಒಣಗಿದ, ರೋಗ ಹಿಡಿದ, ಒಳಮುಖವಾಗಿ ತಿಕ್ಕಾಡುವ ಕಡ್ಡಿಗಳನ್ನು ಮೊದಲು ತೆಗೆಯಿರಿ. ಉಳಿದ ಕೊಂಬೆಗಳನ್ನು ಅರ್ಧದಷ್ಟು ಎತ್ತರಕ್ಕೆ, ಹೊರಮುಖವಾದ ಕಣ್ಣಿನ ಕಾಲು ಅಂಗುಲ ಮೇಲೆ, ಓರೆಯಾಗಿ ಕತ್ತರಿಸಿರಿ. ನಾಡಗುಲಾಬಿಗೆ ಇಷ್ಟು ಬಿರುಸು ಬೇಡ, ತುದಿಗಳನ್ನು ಸವರಿದರೆ ಸಾಕು. ಹರಿತವಾದ ಕತ್ತರಿ ಬೇಕು. ಜಜ್ಜಿದ ಗಾಯದಿಂದಲೇ ತುದಿಯೊಣಗು ರೋಗ ಒಳಗೆ ಇಳಿಯುವುದು. ಗಾಯಕ್ಕೆ ಮೈಲುತುತ್ತ ಮತ್ತು ಸುಣ್ಣದಿಂದ ಮಾಡಿದ ಬೋರ್ಡೋ ಮುಲಾಮನ್ನು ಹಚ್ಚಿರಿ. ಬಳಿಕ ಎರಡು ಬುಟ್ಟಿ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಕೊಟ್ಟು ನೀರೆರೆಯಿರಿ. ಆರೇಳು ವಾರಗಳಲ್ಲಿ, ಎಳ್ಳಮಾವಾಸ್ಯೆಯ ಚರಗಕ್ಕೆ ಬುತ್ತಿ ಕಟ್ಟುವ ಹೊತ್ತಿಗೆ, ಗಿಡ ಹೂವು ಹೊತ್ತು ನಿಂತಿರುತ್ತದೆ.

ಚಳಿಗಾಲದ ಇಬ್ಬನಿಯಲ್ಲಿ ಎಳೆಯ ಎಲೆಗಳ ಮೇಲೆ ಹಿಟ್ಟು ಚೆಲ್ಲಿದಂತೆ ಬೂದಿರೋಗ ಬರುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಮಿನಂತೆ ಬೆಳಗಿನ ತಂಪಿನಲ್ಲಿ ಸಿಂಪಡಿಸಿರಿ. ಬಿರುಬಿಸಿಲಿನ ದಿನಗಳಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಸಸ್ಯಹೇನು, ನುಸಿಗಳಿಗೆ ಬೇವಿನ ಬೀಜದ ಕಷಾಯವೇ ಮನೆಮದ್ದು: 50 ಗ್ರಾಂ ಬೀಜವನ್ನು ಕುಟ್ಟಿ ಒಂದು ಲೀಟರು ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನು ಬೆರೆಸಿ ಸಿಂಪಡಿಸುವುದು.

ಬೇಸಿಗೆಯ ನೀರಿನ ಲೆಕ್ಕ

ಈಗ ಎರಡನೆಯ ಪ್ರಶ್ನೆಗೆ ಬರೋಣ. 2016ರ ಏಪ್ರಿಲ್ ತಿಂಗಳನ್ನು ಆ ಸೀಮೆಯವರು ಮರೆತಿರಲಾರರು. ನೆರೆಯ ಲಾತೂರು ನಗರಕ್ಕೆ ನೀರುಣಿಸುತ್ತಿದ್ದ ಮಾಂಜ್ರಾ ಅಣೆಕಟ್ಟು ಬತ್ತಿ, ಮೀರಜದಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಮೊದಲ ಗಾಡಿಯಲ್ಲಿ ಬಂದುದು 10 ಟ್ಯಾಂಕರು, ಸುಮಾರು 5 ಲಕ್ಷ ಲೀಟರು. ಅದೇ ಮಾಂಜ್ರಾ ನದಿ ಮುಂದೆ ಬೀದರ ಜಿಲ್ಲೆಗೆ ಹರಿದುಬರುವುದು. ಅಂಥ ದಿನಗಳಲ್ಲಿ ಹೂಗಿಡಕ್ಕೆ ಒಂದು ಕೊಡ ನೀರು ಸುರಿದವರನ್ನು ನೆರೆಹೊರೆಯವರು ದುರುಗುಟ್ಟಿ ನೋಡಿದರೆ ಅದು ಅವರ ತಪ್ಪಲ್ಲ. ಮೊದಲು ಮನುಷ್ಯನ ಗಂಟಲು, ಆಮೇಲೆ ದನಕರು, ಆಮೇಲೆ ಪೈರು, ಕೊನೆಗೆ ಹೂವು. ಈ ಸರದಿಯನ್ನು ಯಾವ ತೋಟಗಾರನೂ ಅದಲುಬದಲು ಮಾಡಲಾಗದು.

ಆದರೆ ಸರದಿಯ ಕೊನೆಯಲ್ಲಿ ನಿಂತವನಿಗೂ ಒಂದು ಪಾಲು ಉಂಟು. ಅದು ಒಮ್ಮೆ ದುಡಿದು ಬಂದ ನೀರು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು, ಕುಡಿಯುವ ಕೊಡವನ್ನು ತೊಳೆದು ಚೆಲ್ಲುವ ನೀರು, ಇಷ್ಟನ್ನೇ ಒಂದು ಬಕೀಟಿಗೆ ಹಾಕುತ್ತ ಬಂದರೆ ಒಂದೆರಡು ಗಿಡಗಳ ಪಾಲಿಗೆ ಸಾಲುತ್ತದೆ. ಬಟ್ಟೆ ಒಗೆದ ನೀರು ಮಾತ್ರ ಬೇಡ. ಸೋಡಾ, ಸಾಬೂನುಪುಡಿಗಳ ಕ್ಷಾರ ಎರೆಮಣ್ಣಿಗೆ ವಿಷವಾಗುತ್ತದೆ. ಉಪ್ಪು ಹಾಕಿ ಬೇಯಿಸಿದ ನೀರೂ ಬೇಡ.

ದಿನವೂ ಒಂದು ತಂಬಿಗೆ ಎರೆಯುವುದಕ್ಕಿಂತ ನಾಲ್ಕೈದು ದಿನಕ್ಕೊಮ್ಮೆ ಒಂದು ಕೊಡ ಎರೆಯುವುದು ಮೇಲು. ತಂಬಿಗೆಯ ನೀರು ಮೇಲ್ಮಣ್ಣನ್ನು ನೆನೆಸಿ ಬಿಸಿಲಿಗೆ ಆರಿಹೋಗುತ್ತದೆ, ಬೇರೂ ಆಸೆಯಿಂದ ಮೇಲಕ್ಕೆ ಬಂದು ಬೇಯುತ್ತದೆ; ಕೊಡದ ನೀರು ಆಳಕ್ಕಿಳಿದು ಬೇರನ್ನೂ ಆಳಕ್ಕೆ ಕರೆಯುತ್ತದೆ. ಇನ್ನೂ ಮಿತವ್ಯಯ ಬೇಕೆಂದರೆ, ಐದಾರು ಲೀಟರು ಹಿಡಿಯುವ ಹೊಸ ಮಣ್ಣಿನ ಗಡಿಗೆಯೊಂದನ್ನು ಗಿಡದಿಂದ ಒಂದಡಿ ದೂರದಲ್ಲಿ ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳವಿಡಿರಿ. ಗಡಿಗೆಯ ಮೈಯಿಂದ ನೀರು ಜಿನುಗುತ್ತಿರುತ್ತದೆ. ಬೇರುಗಳು ಅದನ್ನು ಅಪ್ಪಿಕೊಳ್ಳುತ್ತವೆ. ಗಡಿಗೆಗೆ ಹಾಕುವ ನೀರನ್ನು ಬಟ್ಟೆಯಲ್ಲಿ ಸೋಸಿರಿ, ಇಲ್ಲವಾದರೆ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಕಟ್ಟೆಯ ಮೇಲೆ ತೊಗರಿ ಅಥವಾ ಸೋಯಾ ಹೊಟ್ಟನ್ನು ಮೂರು ಅಂಗುಲ ಹರಡಿ, ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿರಿ. ಹೊಲದಲ್ಲಿ ಸುಟ್ಟುಹೋಗುವ ಹೊಟ್ಟು ಇಲ್ಲಿ ನೀರಿನ ಕಾವಲುಗಾರನಾಗುತ್ತದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಗಿಡದಿಂದ ಹೂವನ್ನು ಕೇಳಬೇಡಿರಿ. ಆಗ ಬರುವ ಮೊಗ್ಗು ನುಸಿ ಕಚ್ಚಿ ಅಂಚು ಸುಟ್ಟು ಅರ್ಧಕ್ಕೆ ಮುದುಡುತ್ತದೆ. ಅದನ್ನು ಕಡಲೆ ಗಾತ್ರದಲ್ಲಿರುವಾಗಲೇ ಚಿವುಟಿರಿ. ಗೊಬ್ಬರ ಕೊಡಬೇಡಿರಿ, ಸವರಬೇಡಿರಿ. ಹಳೆಯ ಸೀರೆಯ ತುಂಡನ್ನು ನಾಲ್ಕು ಕೋಲಿಗೆ ಕಟ್ಟಿ ನೆರಳು ಮಾಡಿರಿ. ಗಿಡಕ್ಕೆ ಇದು ದುಡಿಮೆಯ ಕಾಲವಲ್ಲ, ಜೀವ ಹಿಡಿದುಕೊಳ್ಳುವ ಕಾಲ.

ಧಾನ್ಯದ ಚಿಂತೆಯಿರುವವನಿಗೆ ಹೂವಿನ ಗೊಡವೆ ಏತಕ್ಕೆಂದು ಕೇಳುವವರು ಡಾಕ್ಟರ್ ಬಿ. ಪಿ. ಪಾಲ್ ಅವರನ್ನು ನೆನೆಯಬಹುದು. ಅವರು ತುಕ್ಕುರೋಗವನ್ನು ತಡೆಯುವ ಗೋಧಿಯ ತಳಿಗಳಿಗಾಗಿ ದುಡಿದ ವಿಜ್ಞಾನಿ; 1965ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದವರು. ಅವರೇ ನಮ್ಮ ಬಯಲುಸೀಮೆಯ ಹವೆಗೆ ಹೊಂದುವ ಗುಲಾಬಿಯ ಹೊಸ ತಳಿಗಳನ್ನು ಸೃಷ್ಟಿಸಿದರು. 1966ರಲ್ಲಿ ಭಾರತದ ಗುಲಾಬಿಗಳ ಬಗ್ಗೆ ದೊಡ್ಡ ಗ್ರಂಥವನ್ನೂ ಪ್ರಕಟಿಸಿದರು. ದೇಶದ ಅನ್ನದ ಹೊಣೆ ಹೊತ್ತವರಿಗೆ ಗುಲಾಬಿ ಭಾರವೆನಿಸಲಿಲ್ಲ.

ಮೊದಲ ಮಳೆಯ ತನಕ

ಎಷ್ಟೇ ಮಾಡಿದರೂ ಕೆಲವು ವರ್ಷ ತೊಳೆದ ನೀರೂ ಮಿಗದಿರಬಹುದು. ಆಗ ಗಿಡ ಎಲೆಗಳನ್ನೆಲ್ಲ ಉದುರಿಸಿ ಬೋಳಾಗುತ್ತದೆ. ಆತುರದಿಂದ ಕೀಳಬೇಡಿರಿ. ಎಲೆ ಉದುರಿಸುವುದು ಸಾವಲ್ಲ. ಖರ್ಚನ್ನು ಇಳಿಸಿಕೊಳ್ಳುವ ಉಪಾಯ. ಉಗುರಿನಿಂದ ಕಾಂಡದ ತೊಗಟೆಯನ್ನು ಒಂದಿಷ್ಟು ಕೆರೆದು ನೋಡಿರಿ. ಒಳಗೆ ಕಂದಾಗಿದ್ದರೆ ಇನ್ನೂ ಕೆಳಗೆ, ಬುಡದ ಬಳಿ ಕೆರೆಯಿರಿ. ಎಲ್ಲಾದರೂ ಹಸಿರು ಕಂಡರೆ ಗಿಡ ಬದುಕಿದೆ. ನಾಡಗುಲಾಬಿಯಂತೂ ಮೇಲೆ ಪೂರ್ತಿ ಒಣಗಿದರೂ ತನ್ನ ಬೇರಿನಿಂದಲೇ ಮತ್ತೆ ಏಳಬಲ್ಲದು.

ಮೃಗಶಿರಾ ಮಳೆಯ ಮೊದಲ ಹನಿಗಳು ಬಿದ್ದ ವಾರದಲ್ಲಿ ಆ ಹಸಿರಿನ ಬಳಿ ಕೆಂಪು ಕಣ್ಣೊಂದು ಒಡೆಯುತ್ತದೆ. ಅದೇ ಸಂಜೆಗಳಲ್ಲಿ ಮಣ್ಣಿನಿಂದ ಕಂದು ದುಂಬಿಗಳೂ ಏಳುತ್ತವೆ. ಹಗಲು ಅಡಗಿದ್ದು ಕತ್ತಲಾದೊಡನೆ ಬೇವಿನ ಎಲೆಗೂ ಗುಲಾಬಿಯ ಚಿಗುರಿಗೂ ಮುತ್ತುತ್ತವೆ. ಇವುಗಳ ಮರಿಯೇ ಬೇರು ತಿನ್ನುವ ಗೊಣ್ಣೆಹುಳು. ದೀಪ ಹಿಡಿದು ಹೊರಟರೆ ಮಕ್ಕಳೇ ಅವನ್ನು ಆರಿಸಿ ಸೀಮೆ‌ಎಣ್ಣೆ ಬೆರೆಸಿದ ನೀರಿನ ಡಬ್ಬಿಗೆ ಹಾಕಬಲ್ಲರು. ಒಂದು ವಾರ ಹೀಗೆ ಕಾದರೆ ಆ ವರ್ಷದ ಚಿಗುರು ಉಳಿಯುತ್ತದೆ. ಮಳೆ ಬಲಿಯುವ ಮುನ್ನ ಕಟ್ಟೆಯ ಕಲ್ಲುಗಳ ಸಂದಿಯಲ್ಲಿ ಮಣ್ಣು ಕಟ್ಟಿಕೊಂಡಿದ್ದರೆ ಕೋಲಿನಿಂದ ಬಿಡಿಸಿ, ನೀರಿಗೆ ದಾರಿ ಮಾಡಿಡಿರಿ.

ಮುಂದಿನ ವಾರ: ಮಲ್ಲಿಗೆಯ ಬಳ್ಳಿಗೆ ಚಪ್ಪರ.